ಪ್ಯಾಚ್ ಕಳಿಸಿ ತಿಂಗಳ ಮ್ಯಾಲಾತು, ಯಾರೂ ನೋಡವಲ್ಲರು. ಫೋರ್ಕ್ ಮಾಡ್ಲೇನು?

ಘಟಪ್ರಭಾ_ದಂಡಿ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ್ರೀ. ನವನಗರದಾಂವ, ಇಂಜಿನಿಯರಿಂಗ್ ಕಡೀ ವರ್ಷ. ದಾರಿ ತೋರಸೂ ಒಂದು ಓಪನ್ ಸೋರ್ಸ್ ಆ್ಯಪ್ ಬಳಸ್ತೀನಿ. ಹೆಸರು ಬ್ಯಾಡ, ಸುಮ್ನ ಅವರ ಮ್ಯಾಲೆ ಮಂದಿ ಏರಿ ಹೋಗೂದು ಬ್ಯಾಡ. ಅದನ್ನ ಕನ್ನಡದಾಗ ಇಟ್ಕೊಂಡ್ರ ಬೆಳಗಾವಿಗೆ, ಜಮಖಂಡಿಗೆ, ಅಥಣಿಗೆ ಎಲ್ಲಾ ಬರೋಬ್ಬರಿ ಬರ್ತದ. ವಿಜಯಪುರದ ದಾರಿ ಹಿಡದ್ರ ಮಾತ್ರ "ವಿಜಯಪುರಗೆ", ಮುಧೋಳದ ದಾರಿ ಹಿಡದ್ರ "ಮುಧೋಳಗೆ". ಓದಿದ್ರ ಮೈ ಉರೀತದ.

ಕೋಡ್ ತಗದು ನೋಡಿದ್ನಿ. ಹೆಸರಿನ ಮುಂದ "ಗೆ" ಅಂತ ಅಂಟಸ್ಯಾರ, ಅಷ್ಟ. ಕುಂತು ತಿದ್ದಿದ್ನಿ: ಹೆಸರು ಅಕಾರಕ್ಕ ಮುಗದ್ರ "ಕ್ಕೆ", ಇಲ್ಲಾಂದ್ರ "ಗೆ". ಜತಿಗೆ ಅದ ಫೈಲಿನ್ಯಾಗಿನ ಹಳೇ ಕೋಡ್ ಒಂದಿಷ್ಟು ಚಂದ ಮಾಡಿ, ರಾತ್ರಿ ಬಣ್ಣದ ಒಂದು ಬಗ್ಗೂ ಸರಿ ಮಾಡಿ ಪುಲ್ ರಿಕ್ವೆಸ್ಟ್ ಹಾಕಿದ್ನಿ, ಅಂದ್ರ ಈ ತಿದ್ದುಪಡಿ (ಪ್ಯಾಚ್) ನಿಮ್ಮ ಕೋಡಿನ್ಯಾಗ ತಗೋರಿ ಅಂತ ಕೇಳಿದ್ನಿ. ತಿಂಗಳ ಮ್ಯಾಲಾತು. ಒಂದು ಥ್ಯಾಂಕ್ಸ್ ಇಲ್ಲ, ಬ್ಯಾಡ ಅನ್ನೂದೂ ಇಲ್ಲ. ರೂಮಿನ್ಯಾಗಿನ ಗೆಳೆಯ ಅಂತಾನ, "ಫೋರ್ಕ್ ಮಾಡಿ, ಅಂದ್ರ ಅವರ ಕೋಡಿನ ನಕಲು ತಗೊಂಡು, ನಿಂದ ಆ್ಯಪ್ ಬಿಡಲೇ, ಅವರ ಹಂಗ್ಯಾಕ?" ತಿಳದಾವ್ರು ಹೇಳ್ರಿ, ಏನ್ ಮಾಡ್ಲಿ?

ಕಿತ್ತೂರ_ಕಡೆಯಾಂವ (ಬೆಳಗಾವಿ)

ಫೋರ್ಕ್ ಗೀರ್ಕ್ ಬ್ಯಾಡ ತಮ್ಮಾ. ದಿನಾ ಒಂದು ಕಾಮೆಂಟ್ ಹಾಕು. "ನಿಮಗ ಟೈಮ್ ಇಲ್ಲಂದ್ರ ಪ್ರಾಜೆಕ್ಟ್ ಬ್ಯಾರೇದವರ ಕೈಯಾಗ ಕೊಡ್ರಿ" ಅಂತ ನೇರ ಕೇಳು. ನಾಕ ಗೆಳೆಯಾರ್ನ ಕರಕೊಂಡು ಬಂದು ಅವರ ಕಡಿಂದೂ ಹಾಕ್ಸು. ತಾನ ಎಚ್ಚರಾಗ್ತಾರ.

ಉದ್ಯಮಬಾಗ_ಲೇಥು (ಬೆಳಗಾವಿ)

ಫೋರ್ಕ್ ಮಾಡ್ರಿ, ಬ್ಯಾಡಂದವರು ಯಾರು. ಮುಂದ ಆಂಡ್ರಾಯ್ಡ್ ಹೊಸಾದು ಬಂದಾಗ, ನಕಾಶೆ ಸರ್ವರ್ ಬದಲಾದಾಗ, ಯಾವುದರೆ ಲೈಬ್ರರಿಯೊಳಗ (ಆ್ಯಪ್ ಬಳಸೂ ಬ್ಯಾರೇದವರ ಸಿದ್ಧ ಕೋಡು) ಭದ್ರತಾ ಬಗ್ ಸಿಕ್ಕಾಗ ನೀವ ಒಬ್ಬರ ಕುಂತು ನೋಡ್ಕೋರಿ. ಅದೂ ವಿಟಿಯು ಪರೀಕ್ಷಾದ ಹಿಂದಿನ ದಿನಾನ ಬರ್ತದ, ಬರದಿಟ್ಕೋರಿ.

ಹಳೇ_ಮೇಂಟೇನರ್ (ಬೆಳಗಾವಿ)

ಕಿತ್ತೂರ ಕಡೆಯವರೇ, ನೀವು ಹೇಳಿದ ಉಪಾಯವನ್ನು ಬೇರೆಯವರು ಆಗಲೇ ಮಾಡಿ ಮುಗಿಸಿದ್ದಾರೆ. ಎಕ್ಸ್‌ಝಡ್ ಅಂತ ಫೈಲುಗಳನ್ನು ಕುಗ್ಗಿಸುವ ಸಾಧನವೊಂದಿದೆ, ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳೊಳಗೂ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ಸೆ ಕಾಲಿನ್ ಒಬ್ಬರೇ, ಸಂಬಳ ಇಲ್ಲದೆ. 2022ರಲ್ಲಿ ಒಂದೆರಡು ಖಾತೆಗಳಿಂದ ಸಾಲಾಗಿ ಪತ್ರ ಬರತೊಡಗಿದವು: ಪ್ಯಾಚ್‌ಗಳು ಕೊಳೆಯುತ್ತಿವೆ, ನಿಮಗೆ ಆಸಕ್ತಿ ಹೋಗಿದೆ, ಇನ್ನೊಬ್ಬರಿಗೆ ಕೊಡಿ ಅಂತ. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಹಣ ಬರದ ಹವ್ಯಾಸ ಎಂದು ಆ ಮನುಷ್ಯ ಬರೆದರೂ ಬಿಡಲಿಲ್ಲ. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಒಳ್ಳೊಳ್ಳೆಯ ಪ್ಯಾಚ್ ಕಳಿಸುತ್ತ, ಸೌಮ್ಯವಾಗಿ ಮಾತಾಡುತ್ತ, ನಿಧಾನಕ್ಕೆ ಬಿಡುಗಡೆ ಮಾಡುವ ಹಕ್ಕನ್ನೂ ಪಡೆದುಕೊಂಡರು. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಹಿಂಬಾಗಿಲು, ಅಂದರೆ ಯಂತ್ರದೊಳಗೆ ಕದ್ದು ನುಗ್ಗುವ ದಾರಿ, ಇತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರೋಯಿಂಡ್ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಯಂತ್ರದೊಳಗೆ ಹೋಗುವುದು) ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಪತ್ರ ಬರೆದು ಒತ್ತಡ ಹಾಕಿದ ಖಾತೆಗಳೂ ಅದೇ ಸಂಚಿನವು ಎಂಬ ಗುಮಾನಿ ಬಲವಾಗಿದೆ. ಆದ್ದರಿಂದ ಈಗ "ಬೇರೆಯವರಿಗೆ ಕೊಡಿ" ಅಂತ ಗೆಳೆಯರ ಗುಂಪು ಕಟ್ಟಿಕೊಂಡು ಹೋದರೆ ಬಾಗಿಲು ತೆರೆಯುವುದಿರಲಿ, ಚಿಲಕ ಇನ್ನಷ್ಟು ಬಿಗಿಯಾಗುತ್ತದೆ.

ಇನ್ನು ಹುಡುಗನ ಪ್ರಶ್ನೆ. ಮರ್ಜ್ ಆದ, ಅಂದರೆ ಅವರ ಕೋಡಿನಲ್ಲಿ ಸೇರಿದ, ಗಳಿಗೆಯಿಂದ ಅದರ ಹೊಣೆ ನಿಮ್ಮದಲ್ಲ, ಅವರದು. ನಿಮಗೆ ನಾಳೆ ಪುಣೆಯಲ್ಲೋ ಬೆಂಗಳೂರಲ್ಲೋ ಕೆಲಸ ಸಿಗುತ್ತದೆ, ಈ ಆ್ಯಪ್ ಮರೆತುಹೋಗುತ್ತದೆ. ನಾಲ್ಕು ವರ್ಷದ ಮೇಲೆ ಅದರಲ್ಲಿ ತೊಂದರೆ ಬಂದರೆ ಬೈಸಿಕೊಳ್ಳುವವರು ಅವರೇ. ಹಾಗಾಗಿ ಮೇಂಟೇನರ್, ಅಂದರೆ ಪ್ರಾಜೆಕ್ಟನ್ನು ನಡೆಸಿಕೊಂಡು ಹೋಗುವವರು, ನೋಡುವುದು ಕೋಡು ಓಡುತ್ತದೆಯೇ ಎಂದಷ್ಟೇ ಅಲ್ಲ, ಇದರ ಹೊಣೆ ನಾನು ಹೊರಬಲ್ಲೆನೇ ಎಂದು. ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ಪ್ರತಿ ಬಿಡುಗಡೆಗೂ ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸ ಸೇರುತ್ತದೆ. ಅದನ್ನು ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಪ್ರತಿ ಸಾಲನ್ನೂ ಓದುವುದಿಲ್ಲ, ಓದಲು ಸಾಧ್ಯವೂ ಇಲ್ಲ. ಒಂದೊಂದು ಭಾಗಕ್ಕೂ ಒಬ್ಬೊಬ್ಬ ಮೇಂಟೇನರ್, ಅವರು ಓದಿ ಒಪ್ಪಿದ್ದನ್ನು ಆತ ನಂಬುತ್ತಾರೆ. 2004ರಿಂದ ಪ್ರತಿ ಪ್ಯಾಚ್‌ನ ಕೆಳಗೂ ಅದು ಯಾರ ಯಾರ ಕೈ ದಾಟಿ ಬಂತೋ ಅವರ ಸಹಿಗಳ ಸಾಲು ಇರುತ್ತದೆ. ಆ ಸಾಲಿನಲ್ಲಿ ಓದಿ ನೋಡಿದವರ ಹೆಸರಿಗೂ ಜಾಗವಿದೆ, ಪರೀಕ್ಷೆ ಮಾಡಿದವರ ಹೆಸರಿಗೂ ಜಾಗವಿದೆ.

ನಿಮ್ಮದಕ್ಕೆ ನಿಮ್ಮ ಒಬ್ಬರದೇ ಸಹಿ. ಮೇಲಾಗಿ ಮೂರು ಕೆಲಸ ಒಂದೇ ಗಂಟಿನಲ್ಲಿ ಕಟ್ಟಿ ಕಳಿಸಿದ್ದೀರಿ. ಒಂದು ಕೇಳುತ್ತೇನೆ: ಆ ಆ್ಯಪ್ ನಡೆಸುವವರಿಗೆ ಕನ್ನಡ ಬರುತ್ತದೆಯೇ?

ಘಟಪ್ರಭಾ_ದಂಡಿ

ಇಲ್ರೀ ಸರ್. ಇಬ್ರ ಅದಾರ, ಇಬ್ರೂ ಯುರೋಪಿನಾವ್ರು. ಹಂಗಂದ್ರ ನನ್ನ ಪ್ಯಾಚ್ ಖರೇನ ಸರಿ ಐತೋ ಇಲ್ಲೋ ಅವರಿಗೆ ತಿಳಿಯೂದ ಇಲ್ಲೇನು?

ಹಳೇ_ಮೇಂಟೇನರ್

ತಿಳಿಯುವುದಿಲ್ಲ. ನೀವು ಕಾಯುತ್ತಿರುವುದು ಅವರಿಗಾಗಿ ಎಂದುಕೊಂಡಿದ್ದೀರಿ. ಅವರು ಕಾಯುತ್ತಿರುವುದು ಕನ್ನಡ ಬಲ್ಲ ಇನ್ನೊಬ್ಬರು ಬಂದು "ಇದು ಸರಿ" ಅಥವಾ "ಇದು ತಪ್ಪು" ಅನ್ನಲಿ ಎಂದು. ಹತ್ತು ಜನ "ಬೇಗ ಮಾಡಿ" ಅನ್ನುವುದು ಬೇಡ, ಒಬ್ಬರು ಓದಿ ನಾಲ್ಕು ಸಾಲು ಬರೆದರೆ ಸಾಕು. ಕೊಂಡಿಯನ್ನು ಇಲ್ಲಿ ನೇರ ಹಾಕಬೇಡಿ, ನೋಡಲು ಸಿದ್ಧ ಇರುವವರಿಗೆ ಖಾಸಗಿಯಾಗಿ ಕಳಿಸಿ.

ಗುಮ್ಮಟದ_ನೆರಳು (ವಿಜಯಪುರ)

ನನಗೆ ಕಳಿಸಪ್ಪ. ತಂತ್ರಾಂಶಗಳ ಅನುವಾದ ಮಾಡುತ್ತ ಬಹಳ ಕಾಲವಾಯಿತು, ಈ "ಗೆ" ಮತ್ತು "ಕ್ಕೆ" ಜಗಳ ನನಗೆ ಹೊಸದಲ್ಲ. ನಮ್ಮ ಊರಿನ ಹೆಸರೇ ಎಲ್ಲ ಕಡೆ ಕೆಡುವುದು, ಸ್ವಂತ ಸಿಟ್ಟೂ ಇದೆ.

ಬಾದಾಮಿ_ಬಂಡಿ (ಬಾಗಲಕೋಟೆ)

ಫೋರ್ಕ್ ಅಂದ್ರ ಏನ್ ಪಾಪ ಮಾಡಿದಂಗ ಮಾತಾಡಾಕತ್ತೀರಲ್ಲ. 2010ರಾಗ ಕಚೇರಿ ತಂತ್ರಾಂಶ ಓಪನ್‌ಆಫೀಸ್‌ನ ಮಂದಿ ಎದ್ದು ಬಂದು ಲಿಬ್ರೆಆಫೀಸ್ ಕಟ್ಟಿದ್ರು. ಇವತ್ತ ಲಿನಕ್ಸ್ ಹಾಕಿದವರು ಯಾರ ಕಂಪ್ಯೂಟರ್ ತಗದು ನೋಡಿದ್ರೂ ಅದ ಐತಿ. ಹಕ್ಕು ಐತಿ ಅಂತ ಗೊತ್ತಿದ್ರನ ಮೇಂಟೇನರ್ ಅಂಜತಾನ.

ಉದ್ಯಮಬಾಗ_ಲೇಥು

ಮಂದಿ ಎದ್ದು ಬಂದ್ರು ಅಂತ ನೀವ ಬರದೀರಿ ನೋಡ್ರಿ. ಕೋಡ್ ಎದ್ದು ಬಂದ್ರ ಸಾಲೂದಿಲ್ಲ. ಕೋಡ್ ಬರದವರು, ಅನುವಾದ ಮಾಡಾವ್ರು, ಬಗ್ ಹುಡುಕಾವ್ರು ಎಲ್ಲಾ ಕೂಡಿ ದಾಟಿ ಬಂದದ್ದಕ್ಕ ಅದು ಉಳೀತು. ಈ ಹುಡುಗನ ಜತಿ ಯಾರ್ ಬರ್ತಾರ, ರೂಮಿನ್ಯಾಗಿನ ಗೆಳೆಯ?

ಗುಮ್ಮಟದ_ನೆರಳು

ಓದಿದೆ. ತಮ್ಮಾ, ಊರಿನ ಹೆಸರುಗಳ ಮಟ್ಟಿಗೆ ನಿನ್ನ ನಿಯಮ ಬಹುಪಾಲು ನಡೆಯುತ್ತದೆ. ವಿಜಯಪುರಕ್ಕೆ, ಮುಧೋಳಕ್ಕೆ, ಹುನಗುಂದಕ್ಕೆ ಎಲ್ಲ ಸರಿ. ಆದರೆ ನೀನು ತಿದ್ದಿದ ಆ ಫಂಕ್ಷನ್ (ಕೋಡಿನ ತುಂಡು) ಎಲ್ಲೆಲ್ಲಿ ಬಳಕೆಯಾಗಿದೆ ನೋಡಿದೆಯಾ? "ಸ್ಥಳವನ್ನು ಇಂಥವರಿಗೆ ಕಳಿಸಲಾಗಿದೆ" ಎನ್ನುವ ಸಂದೇಶವೂ ಅದನ್ನೇ ಕರೆಯುತ್ತದೆ. ನಿನ್ನ ಪ್ಯಾಚ್ ಹಾಕಿದರೆ ವಿಜಯಪುರ ಸರಿಯಾಗುತ್ತದೆ, ಬಸವರಾಜ "ಬಸವರಾಜಕ್ಕೆ" ಆಗುತ್ತಾನೆ. ಮನುಷ್ಯನಾದರೆ "ನಿಗೆ" ಬೇಕು. ಅಕಾರ ನೋಡಿ ಊರೋ ಆಳೋ ಹೇಳಲಿಕ್ಕೆ ಕಂಪ್ಯೂಟರಿಗೆ ಬರುವುದಿಲ್ಲ. ಕನ್ನಡ ಬಾರದ ಮೇಂಟೇನರ್ ಇದನ್ನು ಒಪ್ಪಿಕೊಂಡುಬಿಟ್ಟಿದ್ದರೆ ಒಂದು ತಪ್ಪು ಹೋಗಿ ಇನ್ನೊಂದು ಬರುತ್ತಿತ್ತು.

ಇನ್ನೊಂದು ಗಂಟು ಗೋಕಾಕದ್ದು. ಆ ಆ್ಯಪ್ ಹೆಸರುಗಳನ್ನು ತೆಗೆದುಕೊಳ್ಳುವುದು ಮುಕ್ತ ನಕಾಶೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಅಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ತುಂಬುವವರೂ ನಮ್ಮ ನಿಮ್ಮಂಥ ಸ್ವಯಂಸೇವಕರೇ. ಒಬ್ಬರು "ಗೋಕಾಕ" ಅಂತ ಬರೆದರೆ ನಿನ್ನ ನಿಯಮದಂತೆ "ಗೋಕಾಕಕ್ಕೆ", ಇನ್ನೊಬ್ಬರು ಬಂದು "ಗೋಕಾಕ್" ಅಂತ ತಿದ್ದಿದರೆ "ಗೋಕಾಕ್‌ಗೆ". ಎರಡೂ ಓದಲಿಕ್ಕೆ ಸರಿಯೇ, ಅದು ಅದೃಷ್ಟ. ಆದರೆ ನೋಡು, ಎಂದೂ ಮುಖ ನೋಡದ ಯಾರೋ ಒಬ್ಬರ ಒಂದು ಅರ್ಧಾಕ್ಷರದ ಮೇಲೆ ನಿನ್ನ ಕೋಡಿನ ದಾರಿ ಬದಲಾಗುತ್ತದೆ.

ಅನುವಾದಕರು ಇದಕ್ಕೆ ಮಾಡಿಕೊಂಡ ಹಳೆಯ ಉಪಾಯ ಹೇಳುತ್ತೇನೆ: ವಿಭಕ್ತಿಯನ್ನು ಹೆಸರಿಗೆ ಅಂಟಿಸಲೇಬೇಡ. "ತಲುಪುವ ಸ್ಥಳ: ವಿಜಯಪುರ" ಅಂತಿಡು. ಇಲ್ಲವೇ "ವಿಜಯಪುರದ ಕಡೆಗೆ" ಅಂತ ಮಾಡಬಹುದು ಅನ್ನಿಸಿತಾ? ಅಲ್ಲೂ ಸಿಕ್ಕಿಬೀಳುತ್ತೀ, ಬೆಳಗಾವಿ ಬಂದರೆ "ಬೆಳಗಾವಿಯ" ಆಗಬೇಕು. ಮೊದಲನೆಯದೇ ಸೈ. ಸ್ವಲ್ಪ ಬಸ್ ಬೋರ್ಡಿನ ಭಾಷೆ ಆಗುತ್ತದೆ ಖರೆ, ತಪ್ಪಂತೂ ಆಗುವುದಿಲ್ಲ.

ಆದರೆ ಇದನ್ನು ಅನುವಾದಕರು ತಾವೇ ಮಾಡಲಿಕ್ಕೆ ಬರುವುದಿಲ್ಲ, ಅಲ್ಲೇ ನಮ್ಮ ಕೈ ಕಟ್ಟಿಹೋಗುವುದು. ಪ್ರೋಗ್ರಾಮರ್ ಇಡೀ ವಾಕ್ಯವನ್ನು ಒಂದೇ ಸ್ಟ್ರಿಂಗ್ (ಪಠ್ಯದ ಸಾಲು) ಆಗಿ ಕೊಟ್ಟು, ಹೆಸರು ಬರುವ ಜಾಗ ಖಾಲಿ ಬಿಟ್ಟರೆ ಆ ಖಾಲಿ ಜಾಗವನ್ನು ನಾವು ಎಲ್ಲಿ ಬೇಕಾದರೂ ಇಟ್ಟುಕೊಳ್ಳುತ್ತೇವೆ. ಅವರು ಇಂಗ್ಲಿಷ್ ವಾಕ್ಯವನ್ನು ಮೂರು ತುಂಡು ಮಾಡಿ ಕೋಡಿನಲ್ಲಿ ಜೋಡಿಸಿದ್ದರೆ ಕ್ರಿಯಾಪದ ಕಡೆಗೆ ಬರುವ ನಮ್ಮ ಭಾಷೆ ಅದರೊಳಗೆ ಕೂಡುವುದೇ ಇಲ್ಲ. ಎಷ್ಟು ಒಳ್ಳೆಯ ಕನ್ನಡ ಬರೆದರೂ ತೆರೆಯ ಮೇಲೆ ತಲೆಕೆಳಗಾಗಿಯೇ ಬರುತ್ತದೆ, ಬೈಗುಳ ಮಾತ್ರ ಅನುವಾದಕರಿಗೆ.

ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಗ್ನೋಮ್‌ನಂಥ ದೊಡ್ಡ ಪ್ರಾಜೆಕ್ಟುಗಳಲ್ಲಿ ಇದಕ್ಕೊಂದು ಕಟ್ಟುಪಾಡಿದೆ. ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಬಿಡುಗಡೆ. ಅದಕ್ಕೆ ಕೆಲವು ವಾರ ಮುಂಚೆ ಪ್ರೋಗ್ರಾಮರುಗಳು ತೆರೆಯ ಮೇಲಿನ ಮಾತುಗಳನ್ನು ಬದಲಿಸುವುದನ್ನು ನಿಲ್ಲಿಸಬೇಕು. ಬದಲಿಸಲೇಬೇಕಾದರೆ ಅನುವಾದಕರನ್ನು ಕೇಳಬೇಕು. ಯಾಕೆಂದರೆ ಇಂಗ್ಲಿಷಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಅನುವಾದದ ಫೈಲಿನಲ್ಲಿ ಆ ಸಾಲು "ಮತ್ತೆ ನೋಡಿ" ಎಂಬ ಗುರುತು ಹೊತ್ತು ಕೂರುತ್ತದೆ, ಯಾರಾದರೂ ಬಂದು ಒಪ್ಪುವ ತನಕ ಬಳಕೆದಾರರಿಗೆ ಇಂಗ್ಲಿಷೇ ಕಾಣುತ್ತದೆ. ಒಂದು ಭಾಷೆಯಲ್ಲಿ ಶೇ. 80ರಷ್ಟು ಸಾಲುಗಳಾದರೂ ಆಗಿದ್ದರೆ ಮಾತ್ರ ಬಿಡುಗಡೆಯ ಪ್ರಕಟಣೆಯಲ್ಲಿ ಆ ಭಾಷೆಯ ಹೆಸರು. ಈ ವರ್ಷ ಕಷ್ಟಪಟ್ಟು ಗೆರೆ ದಾಟಿದವರು ಸುಮ್ಮನಿದ್ದರೆ ಬರುವ ವರ್ಷ ತಾನಾಗಿಯೇ ಕೆಳಗಿಳಿಯುತ್ತಾರೆ. ಮೂಲ ಬದಲಾಗುತ್ತಲೇ ಇರುತ್ತದಲ್ಲ.

ಇಳಕಲ್_ಸೆರಗು (ಬಾಗಲಕೋಟೆ)

ಅಕ್ಕಾರ ಹೇಳಿದ್ದು ಕೇಳಿ ನಮ್ಮ ಮಗ್ಗ ನೆನಪಾತು. ಇಳಕಲ್ ಸೀರ್ಯಾಗ ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎಳಿ ಎಳಿಗೆ ಕುಣಿಕಿ ಹಾಕಿ ಎರಡನ್ನೂ ಕೂಡಸ್ತಾರ. ಕುಣಿಕಿ ಹಾಕೂ ಕೈ ಸರಿ ಇಲ್ಲಂದ್ರ ಮೈ ಎಷ್ಟು ಚಂದ ನೇಯ್ದ್ರೂ ಸೆರಗು ಕೂಡೂದಿಲ್ಲ.

ಉದ್ಯಮಬಾಗ_ಲೇಥು

ಹೋಲಿಕಿ ಭಾಳ ಚಂದ ಐತಿ. ಆದ್ರ ಕುಣಿಕಿ ಹಾಕಿದವರಿಗೆ ಕೂಲಿ ಕೊಡ್ತಾರ. ಇಲ್ಲಿ ಕೂಡಿಸಿ ಕೊಡಾಂವಗ ಯಾರು ಕೊಡ್ತಾರ? ನಮ್ಮ ಫೌಂಡ್ರಿಯೊಳಗ ಸ್ಟಾಕ್, ಬಿಲ್ಲು, ಜಿಎಸ್‌ಟಿ ಎಲ್ಲಾ ಇಆರ್‌ಪಿನೆಕ್ಸ್ಟ್ ಮ್ಯಾಲೆ ನಡೀತದ. ಮುಂಬೈದವರು ಮಾಡಿದ್ದು, ಓಪನ್ ಸೋರ್ಸ್. ಅದರ ಕೆಳಗ ಪೈಥಾನ್, ಮಾರಿಯಾಡಿಬಿ, ಅದರ ಕೆಳಗ ಲಿನಕ್ಸ್, ಜತಿಗೆ ಇಂಟರ್ನೆಟ್ ಮಾಹಿತಿ ಗುಟ್ಟಾಗಿಡೂ ಓಪನ್‌ಎಸ್‌ಎಸ್‌ಎಲ್. ಒಂದಕ್ಕೂ ನಾ ರೊಕ್ಕಾ ಕೊಟ್ಟಿಲ್ಲ, ನನ್ನಂಥಾ ಲಕ್ಷ ಮಂದಿ ಕೊಟ್ಟಿಲ್ಲ. 2014ರಾಗ ಹಾರ್ಟ್‌ಬ್ಲೀಡ್ ಅಂತ ಅದರಾಗಿನ ಒಂದು ಭದ್ರತಾ ಬಗ್ಗಿಂದ ಗದ್ದಲಾತಲ್ಲ, ಆವಾಗ ಓಪನ್‌ಎಸ್‌ಎಸ್‌ಎಲ್‌ಗ ಬರೂ ದೇಣಿಗಿ ವರ್ಷಕ್ಕ ಸುಮಾರು 2000 ಡಾಲರ್ ಇತ್ತಂತ. ಜಗತ್ತಿನ ಎಷ್ಟೋ ವ್ಯವಹಾರ ಅದರ ಮ್ಯಾಲೆ. ರೊಕ್ಕಾ ಕೊಡ್ರಿ ಮೊದಲ, ಆಮ್ಯಾಲೆ ನೀತಿ ಹೇಳ್ರಿ.

ಹಳೇ_ಮೇಂಟೇನರ್

ಹಣ ಬೇಕು, ತಕರಾರಿಲ್ಲ. ಹಾರ್ಟ್‌ಬ್ಲೀಡ್ ಆದಮೇಲೆ ದೊಡ್ಡ ಕಂಪನಿಗಳು ಸೇರಿ ನಿಧಿ ಕಟ್ಟಿದವು. ನಮ್ಮಲ್ಲೇ ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರ ಅಕ್ಟೋಬರಿನಲ್ಲಿ ಇಂಥ ಪ್ರಾಜೆಕ್ಟುಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿತು. ಒಳ್ಳೆಯದೇ.

ಆದರೆ ಹಾರ್ಟ್‌ಬ್ಲೀಡ್‌ನ ಇನ್ನೊಂದು ಮಗ್ಗುಲು ನೋಡಿ. ಆ ತಪ್ಪಿದ್ದ ಕೋಡನ್ನು ಕಳಿಸಿದವರು ಹೊರಗಿನ ಕಾಂಟ್ರಿಬ್ಯೂಟರ್. ತಂಡದ ಒಬ್ಬರೇ ಒಬ್ಬರು ಅದನ್ನು ಓದಿ ಒಳಗೆ ಬಿಟ್ಟರು, ಇಬ್ಬರ ಕಣ್ಣಿಗೂ ಬೀಳಲಿಲ್ಲ. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾಗಿ ಎರಡು ವರ್ಷ ಹಾಗೇ ಇತ್ತು. ಆ ಹೊತ್ತಿನಲ್ಲಿ ಅಲ್ಲಿ ಇಲ್ಲದಿದ್ದದ್ದು ಬರೆಯುವವರಲ್ಲ, ಇನ್ನೊಂದು ಜೊತೆ ಕಣ್ಣು.

ಬರೆಯುವವರು ಈಗಂತೂ ಬೇಕಾದಷ್ಟಾಗಿದ್ದಾರೆ. 2020ರ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಉತ್ಸವ ನೆನಪಿರಬೇಕು. ನಾಲ್ಕು ಪುಲ್ ರಿಕ್ವೆಸ್ಟ್ ಹಾಕಿದರೆ ಟೀಶರ್ಟ್ ಅಂದರು. ಪರಿಚಯದ ಫೈಲಿನಲ್ಲಿ "ಅದ್ಭುತ ಪ್ರಾಜೆಕ್ಟ್" ಎಂಬ ಎರಡು ಪದ ಸೇರಿಸಿ ಸಾವಿರಾರು ಮಂದಿ ಕಳಿಸಿದರು, ಅದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಬಹಳ. ಅಕ್ಟೋಬರ್ ಮೊದಲ ವಾರದಲ್ಲೇ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳಿಗೆ ಮಾತ್ರ ಅಂತ ಮಾಡಬೇಕಾಯಿತು. ಈಗ ಎಐ ಬಂದಿದೆ. ಇಂಟರ್ನೆಟ್ಟಿನಿಂದ ಡೇಟಾ ತರುವ ಕರ್ಲ್ ಎಂಬ ಸಾಧನ ನಡೆಸುವ ಡೇನಿಯಲ್ ಸ್ಟೆನ್‌ಬರ್ಗ್ 2024ರಿಂದಲೂ ದೂರುತ್ತಿದ್ದಾರೆ: ಯಂತ್ರ ಬರೆದ ಸುಳ್ಳು ಭದ್ರತಾ ವರದಿಗಳನ್ನು ಓದಿ ಓದಿ ಸಾಕಾಗಿದೆ ಎಂದು. ಬರೆಯಲಿಕ್ಕೆ ಅರ್ಧ ನಿಮಿಷ, ಸುಳ್ಳು ಅಂತ ಸಾಬೀತು ಮಾಡಲಿಕ್ಕೆ ಅರ್ಧ ದಿನ. ಆ ಅರ್ಧ ದಿನ ಎಲ್ಲಿಂದ ಹೋಗುತ್ತದೆ ಅಂದರೆ ಘಟಪ್ರಭಾದವರಂಥ ಹುಡುಗನ ಸಾಚಾ ಪ್ಯಾಚ್ ಓದಬೇಕಿದ್ದ ಹೊತ್ತಿನಿಂದ.

ಪೋಸ್ಟ್‌ಗ್ರೆಸ್‌ನವರ ಪದ್ಧತಿ ನನಗೆ ಬಹಳ ಹಿಡಿಸಿದ್ದು. ವರ್ಷದಲ್ಲಿ ಕೆಲವು ಸಲ, ಒಂದೊಂದು ತಿಂಗಳು, ಹೊಸ ಕೆಲಸ ಬದಿಗಿಟ್ಟು ಬಂದ ಪ್ಯಾಚ್‌ಗಳನ್ನು ಓದುವುದಕ್ಕೇ ಮೀಸಲು. ಅಲ್ಲಿ ಪ್ಯಾಚ್ ಹಾಕಿದವರು ಬೇರೆ ಒಬ್ಬರ ಪ್ಯಾಚನ್ನಾದರೂ ಓದಿ ಅಭಿಪ್ರಾಯ ಬರೆಯಬೇಕೆಂಬ ನಿರೀಕ್ಷೆ ಇದೆ. ಅರ್ಧ ಸೆಕೆಂಡಿನ ತಡವನ್ನು ಬೆನ್ನು ಹತ್ತಿ ಹೋದ ಮನುಷ್ಯ ಅಂಥ ತಂಡದಿಂದ ಬಂದದ್ದು ನನಗೇನೂ ಆಶ್ಚರ್ಯ ಅನ್ನಿಸಲಿಲ್ಲ. ಇದು ನನ್ನ ಅಭಿಪ್ರಾಯ, ಪುರಾವೆ ಕೇಳಬೇಡಿ.

ಉದ್ಯಮಬಾಗ_ಲೇಥು

ಓದಾಕ ಹೊತ್ತು ಬೇಕಲ್ರಿ, ಹೊತ್ತಿಗೆ ರೊಕ್ಕಾ ಬೇಕಲ್ರಿ. ಸುತ್ತಿ ಬಂದು ನನ್ನ ಮಾತಿಗೇ ನಿಂತ್ರಿ.

ಹಳೇ_ಮೇಂಟೇನರ್

ಅರ್ಧ ಒಪ್ಪುತ್ತೇನೆ. ಯುರೋಪಿನ ಆ ಇಬ್ಬರಿಗೆ ನೀವು ಲಕ್ಷ ಡಾಲರ್ ಕೊಟ್ಟರೂ "ಬಸವರಾಜಕ್ಕೆ" ತಪ್ಪು ಅಂತ ಗೊತ್ತಾಗುವುದಿಲ್ಲ. ಅದನ್ನು ವಿಜಯಪುರದ ಈ ತಾಯಿ ಒಂದು ಸಂಜೆಯಲ್ಲಿ ಹಿಡಿದರು.

ಗುಮ್ಮಟದ_ನೆರಳು

ತಾಯಿ ಅನ್ನುವಷ್ಟು ವಯಸ್ಸಾಗಿಲ್ಲ ಸರ್, ಅಕ್ಕ ಸಾಕು.

ಬೇಕಾದರೆ ಇನ್ನೂ ಕೆಳಗೆ ಇಳಿದು ನೋಡಿ. ನಾವು ಇಲ್ಲಿ ಕುಟ್ಟುತ್ತಿರುವ ಈ ಸಾಲು ತೆರೆಯ ಮೇಲೆ ಕನ್ನಡವಾಗಿ ಕಾಣಬೇಕಾದರೆ ಹಾರ್ಫ್‌ಬಝ್ ಎಂಬ ಲೈಬ್ರರಿ ಒತ್ತಕ್ಷರ ಜೋಡಿಸಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರೊಳಗೂ ಅದೇ. "ರ‍್ಯಾಂಕ್" ಅಂತ ಬರೆಯಲಿಕ್ಕೆ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಹಾಕಬೇಕು, ಇಲ್ಲದಿದ್ದರೆ ಅರ್ಕಾವೊತ್ತು ಬಂದು ಕೂರುತ್ತದೆ. ಆ ಸಂಕೇತವನ್ನು ಕೀಲಿಮಣೆ ಕೊಡಬೇಕು, ಲೈಬ್ರರಿ ಅರ್ಥ ಮಾಡಿಕೊಳ್ಳಬೇಕು, ಫಾಂಟಿನಲ್ಲಿ ಆ ರೂಪ ಇರಬೇಕು. ಮೂವರೂ ಬೇರೆ ಬೇರೆ ಕಡೆಯವರು. ಒಬ್ಬರು ತಪ್ಪಿದರೂ ನಮ್ಮ ಶಾಲೆಯ ಫಲಿತಾಂಶದ ಪಟ್ಟಿಯಲ್ಲಿ ಡಬ್ಬಿ ಮೂಡುತ್ತದೆ, ಮಾಸ್ತರರು ನನಗೆ ಫೋನ್ ಮಾಡುತ್ತಾರೆ!

ಕಿತ್ತೂರ_ಕಡೆಯಾಂವ

ಅದೆಲ್ಲಾ ಸರಿ. ಎಕ್ಸ್‌ಝಡ್ ಕತಿ ನನಗ ಗೊತ್ತಿರಲಿಲ್ಲ, ಆದ್ರ ನಾ ಹೇಳಿದ್ದೂ ಪೂರಾ ತಪ್ಪಲ್ಲ. ತಿಂಗಳಾನಗಟ್ಟಲೆ ಬಾಯಿ ಬಿಡಲಿಲ್ಲಂದ್ರ ಹುಡುಗೂರು ಬಿಟ್ಟು ಹೋಗ್ತಾರ. "ನಮಗ ಕನ್ನಡ ಬರೂದಿಲ್ಲ, ಯಾರರೆ ಓದಿ ಹೇಳ್ರಿ" ಅಂತ ಒಂದು ಸಾಲು ಬರದಿದ್ರ ಈ ಚರ್ಚೇನ ಬೇಕಿರಲಿಲ್ಲ. ಹೊರಗಿನಾಂವ ಮೇಂಟೇನರ್‌ನ ಮರ್ಜೀ ಕಾಯಬೇಕು ಖರೆ, ಮೇಂಟೇನರ್‌ಗೂ ಹೊರಗಿನಾಂವ ಬೇಕಲ್ಲ.

ಹಳೇ_ಮೇಂಟೇನರ್

ಈ ಮಾತು ಸರಿ. ಒಪ್ಪಿದೆ.

ಘಟಪ್ರಭಾ_ದಂಡಿ

ಎಲ್ಲಾರಿಗೂ ಭಾಳ ಉಪಕಾರ್ರೀ. ಪ್ಯಾಚ್ ಮೂರು ಭಾಗ ಮಾಡಿ ಬ್ಯಾರೆ ಬ್ಯಾರೆ ಹಾಕಿದ್ನಿ. ಬಣ್ಣದ ಬಗ್ ಸಣ್ಣದಿತ್ತು, ಅದನ್ನ ಮರುದಿನಾನ ತಗೊಂಡ್ರು! ಹಳೇ ಕೋಡ್ ಚಂದ ಮಾಡಿದ್ದು ಬ್ಯಾಡ ಅಂದ್ರು, ಇರಲಿ ಬಿಡ್ರಿ. ವಿಭಕ್ತಿದಕ್ಕ ಅಕ್ಕಾರು ಹೋಗಿ ಬರದ ಮ್ಯಾಲೆ ಉತ್ತರ ಬಂತು. "ತಲುಪುವ ಸ್ಥಳ" ಅಂತ ಬದಲಸೂದು ಅವರಿಗೂ ಒಪ್ಪಿಗಿ ಐತಿ. ಆದ್ರ ಆ ಸ್ಟ್ರಿಂಗ್ ಬದಲಾದ್ರ ಉಳದ ಭಾಷಾದವರೆಲ್ಲಾ ಮತ್ತ ಅನುವಾದ ಮಾಡಬೇಕಾಗ್ತದ, ಅದಕ್ಕ ಮುಂದಿನ ಬಿಡುಗಡೆ ತನಕಾ ತಡೀರಿ ಅಂದಾರ. ಆವಾಗ ಸಿಟ್ಟು ಬರ್ತಿತ್ತು, ಈಗ ಯಾಕ ಅಂತ ತಿಳೀತದ.

ಇನ್ನೊಂದು. ನನ್ನ ಕೆಳಗ ಒಂದು ಮರಾಠಿ ಪ್ಯಾಚ್ ಕುಂತೈತಿ, ಅದೂ ಊರ ಹೆಸರಿಂದ. ನನ್ನಕಿಂತ ಹಳೇದು. ಅದನ್ನೂ ಯಾರೂ ಓದಿಲ್ಲ. ನನಗ ಮರಾಠಿ ಮಾತಾಡಾಕ ಬರ್ತದ, ಬರಿಯೂದು ಅಷ್ಟಕ್ಕಷ್ಟ. ಬೆಳಗಾವಿ ಕಡೆ ಯಾರರೆ ನೋಡಿ ಹೇಳ್ತೀರೇನು?

ಉದ್ಯಮಬಾಗ_ಲೇಥು

ನನ್ನ ಕಡೆ ಕಳಸು. ಮನ್ಯಾಗ ಮರಾಠಿನ ಮಾತಾಡ್ತೀವಿ, ಸಾಲಿನೂ ಮರಾಠಿ ಒಳಗ ಕಲ್ತಾಂವ. ಕೋಡ್ ನನಗ ತಿಳಿಯಾಂಗಿಲ್ಲ, ವಾಕ್ಯ ಅಷ್ಟ ನೋಡ್ತೀನಿ.

ಹಳೇ_ಮೇಂಟೇನರ್

ಕೋಡು ನಾನು ನೋಡುತ್ತೇನೆ. ಭಾನುವಾರ ಉದ್ಯಮಬಾಗದಲ್ಲಿ ಕರೆಂಟ್ ತೆಗೆಯುತ್ತಾರೆ, ಶನಿವಾರವೇ ಮುಗಿಸೋಣ.